‘ಗ್ಯಾಸ್ ಹೋಗೈತ್ರಿ’ ಎಂಬ ತೀರ್ಪು

ಶಿವರಾತ್ರಿ ಮುಗಿದು ಬಿಸಿಲು ಬಲಿಯುವ ಹೊತ್ತಿಗೆ ಬಳ್ಳಾರಿಯಲ್ಲಿ ಎರಡು ವ್ಯಾಪಾರ ಜೋರಾಗುತ್ತವೆ: ಕಲ್ಲಂಗಡಿ ಮಾರುವುದು, ಫ್ರಿಜ್ಜಿಗೆ ಗ್ಯಾಸ್ ತುಂಬುವುದು. ಕಲ್ಲಂಗಡಿಯ ಬಗ್ಗೆ ನನ್ನ ತಕರಾರಿಲ್ಲ.

ಹತ್ತು ಹದಿನೈದು ವರ್ಷದ ಫ್ರಿಜ್ಜು ನೀರು ತಣ್ಣಗೆ ಮಾಡುತ್ತಿಲ್ಲ, ಬೆಳಿಗ್ಗೆ ಇಟ್ಟ ಹಾಲು ಸಂಜೆಗೆ ಒಡೆಯುತ್ತಿದೆ ಎಂದು ಮೆಕ್ಯಾನಿಕ್‌ಗೆ ಫೋನ್ ಮಾಡುತ್ತೇವೆ. ಆತ ಬಂದು ಬಾಗಿಲು ತೆಗೆದು, ಫ್ರೀಜರಿನೊಳಗೆ ಕೈಯಾಡಿಸಿ, ಹಿಂಬದಿಗೆ ಬಗ್ಗಿ ಕೂಡ ನೋಡದೆ ಹೇಳುವುದು ಒಂದೇ ಮಾತು: ‘ಗ್ಯಾಸ್ ಹೋಗೈತ್ರಿ. ತುಂಬಿಸಬೇಕು.’ ಸಿರುಗುಪ್ಪದಲ್ಲೂ ಇದೇ, ಕುರುಗೋಡಿನಲ್ಲೂ ಇದೇ. ಆತನನ್ನೇ ಬೈದು ಫಲವಿಲ್ಲ. ಆತ ಬರುವ ಮೊದಲೇ ಮನೆಯವರು, ಪಕ್ಕದ ಮನೆಯವರು, ಊರಿಂದ ಬಂದ ಸೋದರಮಾವ ಎಲ್ಲರೂ ಕೂಡಿ ತೀರ್ಪು ಕೊಟ್ಟಾಗಿರುತ್ತದೆ. ಆತ ಅದಕ್ಕೆ ಸಹಿ ಹಾಕಿ ಎರಡು ಮೂರು ಸಾವಿರ ತೆಗೆದುಕೊಂಡು ಹೋಗುತ್ತಾನೆ.

ಈ ತೀರ್ಪು ಬಹುಪಾಲು ತಪ್ಪು ಎನ್ನುವುದು ನನ್ನ ವಾದ. ನಮ್ಮ ಸೀಮೆಯಲ್ಲಿ ಹಳೇ ಫ್ರಿಜ್ಜು ಸೋಲುವುದು ಹೆಚ್ಚಾಗಿ ಹೊರಗಿನ ಕಾರಣಕ್ಕೆ. ಬಿಸಿಲು, ದೂಳು, ಗೋಡೆ, ವೋಲ್ಟೇಜು, ಸಡಿಲವಾದ ಬಾಗಿಲು, ನಮ್ಮದೇ ದುರಾಸೆ, ಇಷ್ಟನ್ನೂ ವಿಚಾರಿಸಿದ ಮೇಲೆ ಕಟ್ಟಕಡೆಗೆ ಅನುಮಾನಿಸಬೇಕಾದ ಗ್ಯಾಸನ್ನು ನಾವು ಮೊದಲ ಆರೋಪಿಯಾಗಿ ಹಿಡಿದು ತರುತ್ತೇವೆ.

ಅಡಿಗೆಮನೆಯ ಸಿಲಿಂಡರು ತಿಂಗಳೊಪ್ಪತ್ತಿನಲ್ಲಿ ಖಾಲಿಯಾಗುವ ಹಾಗೆ ಫ್ರಿಜ್ಜಿನ ಗ್ಯಾಸೂ ಓಡಿ ಓಡಿ ಸವೆದು ತೀರುತ್ತದೆ ಎಂದು ಜನ ನಂಬಿದ್ದಾರೆ. ಫ್ರಿಜ್ಜಿನೊಳಗೆ ಏನೂ ಉರಿಯುವುದಿಲ್ಲ, ಏನೂ ಖರ್ಚಾಗುವುದಿಲ್ಲ. ಕಂಪ್ರೆಸರಿನ ಉಕ್ಕಿನ ಡಬ್ಬಿ, ಹಿಂಬದಿಯ ಕಪ್ಪು ಜಾಲರಿ, ಬೆರಳು ಗಾತ್ರದ ಫಿಲ್ಟರು, ಮುಕ್ಕಾಲು ಮಿಲಿಮೀಟರಿನಷ್ಟು ಸಣ್ಣ ತೂತಿನ ಕ್ಯಾಪಿಲರಿ ಕೊಳವೆ, ಫ್ರೀಜರು ಇವೆಲ್ಲ ಬೆಸುಗೆ ಹಾಕಿ ಮುಚ್ಚಿದ ಒಂದೇ ದಾರಿ. ಒಂದು ಬಾಗಿಲಿನ ಹಳೇ ಫ್ರಿಜ್ಜಾದರೆ ಅದರೊಳಗೆ ನೂರು ಗ್ರಾಂ ಆಸುಪಾಸಿನ ಗ್ಯಾಸು ದ್ರವವಾಗಿ, ಆವಿಯಾಗಿ, ಮತ್ತೆ ದ್ರವವಾಗಿ ಸುತ್ತುತ್ತಿರುತ್ತದೆ. ದಾರಿ ಎಲ್ಲೂ ತೂತಾಗದಿದ್ದರೆ ಕಾರ್ಖಾನೆಯಲ್ಲಿ ತುಂಬಿದ್ದು ಇಪ್ಪತ್ತೈದನೇ ವರ್ಷಕ್ಕೂ ಹಾಗೇ ಇರುತ್ತದೆ. ಆದ್ದರಿಂದ ‘ಗ್ಯಾಸ್ ಸ್ವಲ್ಪ ಕಡಿಮೆ ಆಗೈತಿ, ಟಾಪಪ್ ಮಾಡ್ತೀನಿ’ ಎಂಬ ಮಾತಿಗೆ ಅರ್ಥವೇ ಇಲ್ಲ. ತೂತಿಲ್ಲದಿದ್ದರೆ ಕಡಿಮೆಯಾಗುವಂತಿಲ್ಲ; ತೂತಿದ್ದರೆ ಟಾಪಪ್ ನಿಲ್ಲುವಂತಿಲ್ಲ.

ಹಾಗಾದರೆ ತಂಪು ಯಾಕೆ ಹೋಯಿತು? ಫ್ರಿಜ್ಜು ಮಾಡುವ ಕೆಲಸವೇನು ಎಂದು ಒಮ್ಮೆ ಕೇಳಿಕೊಂಡರೆ ಅರ್ಧ ಉತ್ತರ ಸಿಗುತ್ತದೆ. ಅದು ಒಳಗಿನ ಬಿಸಿಯನ್ನು ಹೊತ್ತು ತಂದು ಹೊರಗೆ ಚೆಲ್ಲುತ್ತದೆ. ಚೆಲ್ಲುವ ಜಾಗ ಹಿಂಬದಿಯ ಜಾಲರಿ. ಆ ಜಾಲರಿ ಕೋಣೆಯ ಗಾಳಿಗಿಂತ ಬಿಸಿಯಾಗಿದ್ದರೆ ಮಾತ್ರ ಬಿಸಿ ಹೊರಕ್ಕೆ ಹರಿಯುತ್ತದೆ. ಕೋಣೆ 25 ಡಿಗ್ರಿ ಇದ್ದಾಗ ಜಾಲರಿ 40ರ ಹತ್ತಿರ ಇದ್ದರೆ ಸಾಕು. ಬಳ್ಳಾರಿಯ ಮೇ ತಿಂಗಳಲ್ಲಿ ಹೊರಗೆ 41–42 ಡಿಗ್ರಿ, ಆರ್‌ಸಿಸಿ ಸೂರಿನ ಕೆಳಗಿನ ಅಡಿಗೆಮನೆಯಲ್ಲಿ ಒಲೆ ಹೊತ್ತಿದಾಗ ಅದಕ್ಕೂ ಮೇಲೆ. ಆಗ ಜಾಲರಿ 55ಕ್ಕೆ ಏರಬೇಕು, ಕಂಪ್ರೆಸರು ಅಷ್ಟು ಒತ್ತಡದ ಎದುರು ದೂಡಬೇಕು. ಫ್ರಿಜ್ಜಿನ ಒಳಗೋಡೆಗೋ ಹಿಂಬದಿಗೋ ಅಂಟಿಸಿದ ಚೀಟಿಯಲ್ಲಿ ಹವಾಮಾನದ ವರ್ಗ ಬರೆದಿರುತ್ತದೆ. ‘ಎನ್’ ಎಂದಿದ್ದರೆ ಅದು 32 ಡಿಗ್ರಿ ಕೋಣೆಯವರೆಗೆ ಕೆಲಸ ಮಾಡಲೆಂದು ಮಾಡಿದ ಯಂತ್ರ, ‘ಎಸ್‌ಟಿ’ ಆದರೆ 38, ‘ಟಿ’ ಆದರೆ 43. ಬಳ್ಳಾರಿಗೆ ‘ಟಿ’ಯೇ ಬೇಕು, ಅದೂ ಬೇಸಿಗೆಯಲ್ಲಿ ತನ್ನ ಕೊನೆಯ ಮೆಟ್ಟಿಲ ಮೇಲೆ ನಿಂತಿರುತ್ತದೆ. ಇಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಾವೇ ನಗೆಯಾಡುತ್ತೇವೆ. ನಮ್ಮ ಫ್ರಿಜ್ಜುಗಳಿಗೆ ಅದು ನಗೆಯ ಮಾತಲ್ಲ.

ಇನ್ನು ಆ ಜಾಲರಿಯ ಸ್ಥಿತಿ ನೋಡಬೇಕು. ಕೌಲ್ ಬಜಾರಿನ ಒಂದು ಮನೆ. ಮುಂದಿನ ಕೋಣೆಯಲ್ಲಿ ಜೀನ್ಸ್ ಹೊಲಿಯುವ ಮಷಿನ್ನುಗಳು, ನಡುಮನೆಯ ಮೂಲೆಯಲ್ಲಿ ಒಂದು ಬಾಗಿಲಿನ ಹಳೇ ಫ್ರಿಜ್ಜು. ಎರಡು ಬೇಸಿಗೆ ಗ್ಯಾಸ್ ತುಂಬಿಸಿ ಆಗಿತ್ತು. ಅದನ್ನು ಗೋಡೆಯಿಂದ ಎಳೆದು ತಿರುಗಿಸಿದರೆ ಜಾಲರಿಯ ತಂತಿಯೇ ಕಾಣುತ್ತಿರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ನೀಲಿ ಕಂಬಳಿ! ಡೆನಿಮ್ ಬಟ್ಟೆಯ ನೂಲಿನ ಜುಂಗು, ಅಡಿಗೆಯ ಜಿಡ್ಡು, ರಸ್ತೆಯ ಕೆಂದೂಳು ಮೂರೂ ಬೆರೆತು ಬೆರಳು ದಪ್ಪ ಹೆಣೆದುಕೊಂಡಿತ್ತು. ಪ್ಲಗ್ ಕಿತ್ತು, ಹಳೇ ಪೇಂಟ್ ಬ್ರಷ್ಷಿನಿಂದ ಉಜ್ಜಿದಾಗ ಅದು ಚೂರುಚೂರಾಗದೆ ಪಟ್ಟಿಪಟ್ಟಿಯಾಗಿ ಕಿತ್ತು ಬಂತು. ಕೆಳಗೆ ಕಂಪ್ರೆಸರಿನ ನೆತ್ತಿಯ ಮೇಲೂ ಅದೇ ಟೊಪ್ಪಿಗೆ. ಬಳ್ಳಾರಿಯ ಮೇ ತಿಂಗಳಲ್ಲಿ ಕಂಬಳಿ ಹೊದ್ದು ಬೆವರದೆ ಇರು ಎಂದು ಆ ಯಂತ್ರಕ್ಕೆ ಹೇಳಿದ್ದೆವು. ಆಗಲಿಲ್ಲವೆಂದು ಅದರ ಗ್ಯಾಸಿನ ಮೇಲೆ ಅನುಮಾನಪಟ್ಟೆವು.

ಕಂಬಳಿಯ ಬಣ್ಣ ಊರಿಂದ ಊರಿಗೆ ಬದಲಾಗುತ್ತದೆ. ಸಿರುಗುಪ್ಪದ ಅಕ್ಕಿ ಗಿರಣಿಗಳ ಸುತ್ತಲಿನ ಓಣಿಗಳಲ್ಲಿ ಅದು ಭತ್ತದ ಹೊಟ್ಟು ಮತ್ತು ತೌಡಿನ ಬೂದು. ಸಂಡೂರಿನ ಅದಿರು ಲಾರಿ ಹಾಯುವ ರಸ್ತೆಗಳಲ್ಲಿ ಕೆಂಪು. ಎರೆಹೊಲಗಳ ನಡುವಿನ ಹಳ್ಳಿಗಳಲ್ಲಿ ಕಪ್ಪು. ಕುರುಗೋಡಿನಲ್ಲಿ ಸಮಸ್ಯೆ ಇನ್ನೊಂದು ಬಗೆಯದು. ಊರ ಸುತ್ತ ಬಂಡೆಗುಡ್ಡ. ಹಗಲೆಲ್ಲ ಕಾದ ಕಲ್ಲು ರಾತ್ರಿ ಬಹಳ ಹೊತ್ತು ಬಿಸಿ ಬಿಡುತ್ತಲೇ ಇರುತ್ತದೆ. ದಪ್ಪ ಕಲ್ಲುಗೋಡೆಯ ಮನೆಗಳಲ್ಲಿ ಜಾಗ ಉಳಿಸಲು ಫ್ರಿಜ್ಜನ್ನು ಗೋಡೆಯ ಗೂಡಿನೊಳಗೇ ತಳ್ಳಿ ನಿಲ್ಲಿಸುತ್ತಾರೆ, ಮೂರು ಕಡೆ ಗೋಡೆ, ಮೇಲೆ ಅಟ್ಟ. ಹಿಂದೆ ಒಂದು ಗೇಣು ಜಾಗವಿಲ್ಲದ ಫ್ರಿಜ್ಜು ತಾನು ಚೆಲ್ಲಿದ ಬಿಸಿಯನ್ನೇ ಮತ್ತೆ ಉಸಿರಾಡುತ್ತದೆ. ಗೂಡಿನಿಂದ ಒಂದು ಮೊಳ ಹೊರಗೆ ಎಳೆಯಿರಿ ಎಂದರೆ ‘ಮನಿ ಅಂದಗೆಡ್ತೈತ್ರಿ’ ಎನ್ನುತ್ತಾರೆ. ಗ್ಯಾಸಿಗೆ ಕೊಡುವ ದುಡ್ಡಿನಿಂದ ಮನೆಯ ಅಂದ ಕೆಡುವುದಿಲ್ಲವಲ್ಲ, ಅದಕ್ಕೆ.

ಗ್ಯಾಸ್ ಹೋಗಿದೆಯೋ ಇಲ್ಲವೋ ಎಂಬುದಕ್ಕೆ ಸಾಕ್ಷಿ ಫ್ರಿಜ್ಜಿನ ಮೈಮೇಲೆಯೇ ಇರುತ್ತದೆ, ನೋಡುವವರು ಬೇಕು. ನಿಜಕ್ಕೂ ಗ್ಯಾಸ್ ಕಡಿಮೆಯಾಗಿದ್ದರೆ ಕಂಪ್ರೆಸರು ನಿಲ್ಲದೆ ಓಡುತ್ತದೆ, ಆದರೆ ಹಿಂದಿನ ಜಾಲರಿ ಬೆಚ್ಚಗೂ ಆಗುವುದಿಲ್ಲ, ಏಕೆಂದರೆ ಹೊತ್ತು ತರುವವರೇ ಒಳಗಿಲ್ಲ. ಫ್ರೀಜರಿನಲ್ಲಿ ಗ್ಯಾಸ್ ಒಳಬರುವ ಒಂದು ಮೂಲೆಯಲ್ಲಿ ಮಾತ್ರ ಹಿಮ ಕೂತು ಉಳಿದ ಭಾಗ ಬೋಳಾಗಿರುತ್ತದೆ. ಜಾಲರಿ ಮುಟ್ಟಲಾಗದಷ್ಟು ಸುಡುತ್ತಿದ್ದು, ಫ್ರೀಜರಿನ ತುಂಬ ಸಮನಾಗಿ ಹಿಮ ಕೂತಿದ್ದು, ರಾತ್ರಿ ಎರಡು ಗಂಟೆಗೆ ಚೆನ್ನಾಗಿ ತಂಪಾಗಿ ಮಧ್ಯಾಹ್ನ ಎರಡಕ್ಕೆ ಸೋಲುತ್ತಿದ್ದರೆ ಅದು ಬಿಸಿ ಚೆಲ್ಲಲಾಗದ ಫ್ರಿಜ್ಜು. ಹಗಲು ಹೋದ ಗ್ಯಾಸು ರಾತ್ರಿ ಮನೆಗೆ ಮರಳುವುದಿಲ್ಲ.

ಎರಡು ಬಾಗಿಲಿನ ಫ್ರಾಸ್ಟ್-ಫ್ರೀ ಫ್ರಿಜ್ಜುಗಳ ವಿಷಯದಲ್ಲಂತೂ ಈ ತೀರ್ಪು ನಗೆಪಾಟಲು. ಮೇಲಿನ ಫ್ರೀಜರಿನಲ್ಲಿ ಐಸು ಕಲ್ಲಾಗಿದೆ, ಕೆಳಗೆ ತರಕಾರಿ ಬಾಡುತ್ತಿದೆ. ‘ಗ್ಯಾಸ್ ಕಡಿಮೆ ಐತ್ರಿ, ಕೆಳಗ ತಂಪು ಬರವಲ್ದು’ ಎನ್ನುತ್ತಾರೆ. ಗ್ಯಾಸಿಲ್ಲದೆ ಮೇಲೆ ನೀರು ಕಲ್ಲಾದದ್ದು ಯಾವ ಪವಾಡದಿಂದ? ಈ ಫ್ರಿಜ್ಜುಗಳಲ್ಲಿ ತಂಪು ಹುಟ್ಟುವುದು ಫ್ರೀಜರಿನ ಹಿಂದೆ ಅಡಗಿದ ಸುರುಳಿಯಲ್ಲಿ. ಅಲ್ಲಿಂದ ಒಂದು ಸಣ್ಣ ಫ್ಯಾನು ತಣ್ಣನೆ ಗಾಳಿಯನ್ನು ಕೆಳಗೆ ದೂಡುತ್ತದೆ. ಸುರುಳಿಗೆ ಕಟ್ಟಿದ ಹಿಮವನ್ನು ಕೆಲವು ಗಂಟೆಗಳಿಗೊಮ್ಮೆ ಒಂದು ಹೀಟರು ಕರಗಿಸಬೇಕು. ಅದಕ್ಕೆ ಸಮಯ ಹೇಳಲು ಟೈಮರು, ಸಾಕು ನಿಲ್ಲು ಎನ್ನಲು ಬೈಮೆಟಲ್ ಎಂಬ ಬಟನ್ ಗಾತ್ರದ ಸ್ವಿಚ್ಚು. ಈ ಮೂರರಲ್ಲಿ ಒಂದು ಕೆಟ್ಟರೂ ಸುರುಳಿ ಹಿಮದ ಇಟ್ಟಿಗೆಯಾಗುತ್ತದೆ, ಗಾಳಿಯ ದಾರಿ ಮುಚ್ಚುತ್ತದೆ. ಇಡೀ ದಿನ ಬಂದ್ ಮಾಡಿ ಬಾಗಿಲು ತೆರೆದಿಟ್ಟು ಮತ್ತೆ ಹಚ್ಚಿದರೆ ನಾಲ್ಕಾರು ದಿನ ಹೊಸದರಂತೆ ನಡೆದು ಮತ್ತೆ ನಿಂತರೆ ರೋಗ ಇದೇ. ಔಷಧಿ ಕೆಲವು ನೂರು ರೂಪಾಯಿಯ ಬಿಡಿಭಾಗ.

ವೋಲ್ಟೇಜಿನ ಕತೆ ಬೇರೆಯೇ ಇದೆ. ಕುಡತಿನಿಯಲ್ಲಿ 1,700 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರ ಇಟ್ಟುಕೊಂಡ ಜಿಲ್ಲೆ ನಮ್ಮದು. ಆದರೂ ಗದ್ದೆಗೆ ನೀರು ಹಾಯಿಸುವ ಹೊತ್ತಿನಲ್ಲಿ, ಪಂಪುಗಳು ಒಟ್ಟಿಗೆ ಎದ್ದಾಗ ಸಿರುಗುಪ್ಪದ ಕಡೆಯ ಹಳ್ಳಿಗಳಲ್ಲಿ ಬಲ್ಬು ಕೆಂಪಗಾಗುವುದನ್ನು ನೋಡದವರಿಲ್ಲ. 230 ವೋಲ್ಟಿಗೆ ಮಾಡಿದ ಕಂಪ್ರೆಸರು ಏಳುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. 160–170 ವೋಲ್ಟಿನಲ್ಲಿ ಅದಕ್ಕೆ ಏಳಲಾಗುವುದಿಲ್ಲ. ಗುಂಯ್ ಎಂದು ಗೊಣಗಿ, ಬಿಸಿಯಾಗಿ, ರಕ್ಷಣೆಗಿರುವ ಓವರ್‌ಲೋಡ್ ಸ್ವಿಚ್ಚು ‘ಟಕ್’ ಎಂದು ಕಡಿದುಹಾಕುತ್ತದೆ. ಕೆಲ ನಿಮಿಷ ಬಿಟ್ಟು ಮತ್ತೆ ಗುಂಯ್, ಮತ್ತೆ ಟಕ್. ಮನೆಯವರಿಗೆ ಕೇಳಿಸುವುದು ಫ್ರಿಜ್ಜು ‘ಓಡುವ’ ಸದ್ದು, ತಂಪು ಮಾತ್ರ ಇಲ್ಲ, ಆದ್ದರಿಂದ ಗ್ಯಾಸ್! ವೋಲ್ಟೇಜು ಸರಿಯಿದ್ದೂ ಹೀಗಾದರೆ ಕಂಪ್ರೆಸರಿನ ಪಕ್ಕ ಸಿಕ್ಕಿಸಿದ ಪಿಟಿಸಿ ರಿಲೇ ಸುಟ್ಟಿರಬಹುದು. ಕಳಚಿ ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಒಡೆದ ಬಿಲ್ಲೆ ಗಿಲಗಿಲ ಎನ್ನುತ್ತದೆ. ಹೊಸದು ಒಂದು ಊಟದ ಬೆಲೆಗೆ ಸಿಗುತ್ತದೆ. ಕರೆಂಟು ಹೋಗಿ ತಕ್ಷಣ ಬಂದಾಗಲೂ ಇದೇ ಪಾಡು, ಒಳಗಿನ ಒತ್ತಡ ಸಮವಾಗಲು ಮೂರು ನಾಲ್ಕು ನಿಮಿಷ ಬೇಕು. ಸ್ಟೆಬಿಲೈಸರು ಆ ನಿಮಿಷಗಳನ್ನು ಕಾಯುತ್ತದೆ. ಅದು ಕೆಟ್ಟಾಗ ‘ಸುಮ್ಮನೆ ಜಾಗ ತಿಂತೈತಿ’ ಎಂದು ತೆಗೆದು ಅಟ್ಟಕ್ಕೆ ಹಾಕಿದವರೂ ಇದ್ದಾರೆ.

ಬಾಗಿಲ ರಬ್ಬರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿಂದ ಬಳ್ಳಾರಿಯ ಗಾಳಿ ಒಳಗೆ ನುಗ್ಗುತ್ತಿದೆ. ಬಿಸಿನೀರು ಸೋಪಿನಲ್ಲಿ ತೊಳೆದು, ಬಿಸಿ ಬಟ್ಟೆಯಿಂದ ಒತ್ತಿ ನೋಡಿ, ಆಗದಿದ್ದರೆ ಬದಲಿಸಿ. ಒಳಗಿನ ಬಲ್ಬು ಬಾಗಿಲು ಮುಚ್ಚಿದ ಮೇಲೂ ಉರಿಯುತ್ತಿದೆಯೇ ಎಂದು ಮೊಬೈಲನ್ನು ವಿಡಿಯೋಗೆ ಹಾಕಿ ಒಳಗಿಟ್ಟು ನೋಡಬಹುದು.

ನಮ್ಮ ದುರಾಸೆ ಎಂದೆನಲ್ಲ, ಅದಕ್ಕೆ ಲೆಕ್ಕವೇ ಇದೆ. ದೊಡ್ಡಬಸವೇಶ್ವರನ ಜಾತ್ರೆಗೆ ನೆಂಟರು ಬಂದಿದ್ದಾರೆ, ಎರಡು ಲೀಟರಿನ ಐದು ಬಾಟಲಿ ನೀರು ತುಂಬಿ ಒಮ್ಮೆಗೇ ಒಳಗಿಟ್ಟಿರಿ. ತೊಟ್ಟಿಯ ನೀರು 35 ಡಿಗ್ರಿ, ಬೇಕಾದ್ದು 5 ಡಿಗ್ರಿ. ಹತ್ತು ಲೀಟರ್ ನೀರನ್ನು 30 ಡಿಗ್ರಿ ಇಳಿಸಲು ಸುಮಾರು 1,250 ಕಿಲೋಜೂಲ್ ಬಿಸಿಯನ್ನು ಹೊರಗೆ ಸಾಗಿಸಬೇಕು. ಸಣ್ಣ ಫ್ರಿಜ್ಜು ಸೆಕೆಂಡಿಗೆ ನೂರು ಜೂಲ್ ಸಾಗಿಸಿದರೂ ಬೇರೆ ಯಾವ ಕೆಲಸ ಮಾಡದೆ ಮೂರೂವರೆ ಗಂಟೆ ದುಡಿಯಬೇಕು. ಆದರೆ ಹತ್ತು ನಿಮಿಷಕ್ಕೊಮ್ಮೆ ಮಕ್ಕಳು ಬಾಗಿಲು ತೆಗೆಯುತ್ತಾರೆ, ಬಿಸಿ ಸಾರಿನ ಪಾತ್ರೆಯೂ ಒಳಗೆ ಹೋಗುತ್ತದೆ. ಸಂಜೆಗೆ ‘ಫ್ರಿಜ್ ಕೈಕೊಟ್ಟಿತು’. ಥರ್ಮೋಸ್ಟಾಟನ್ನು ಕೊನೆಯ ಅಂಕಿಗೆ ತಿರುಗಿಸಿ ಬಿಟ್ಟಿರುತ್ತೇವೆ. ಫ್ರೀಜರಿನಲ್ಲಿ ಹಿಮ ಇಟ್ಟಿಗೆ ದಪ್ಪ ಕಟ್ಟುತ್ತದೆ, ಅರ್ಧ ಸೆಂಟಿಮೀಟರ್ ದಾಟಿದ ಹಿಮ ತಂಪಿಗೇ ಅಡ್ಡಗೋಡೆ.

ಆ ಹಿಮವನ್ನು ತೆಗೆಯುವ ನಮ್ಮ ವಿಧಾನದಲ್ಲೇ ನಿಜವಾದ ಗ್ಯಾಸ್ ಸೋರಿಕೆ ಹುಟ್ಟುತ್ತದೆ. ಕರಗುವಷ್ಟು ತಾಳ್ಮೆಯಿಲ್ಲದೆ ಚಾಕು, ಸ್ಕ್ರೂಡ್ರೈವರು ಹಿಡಿಯುತ್ತೇವೆ. ಹಳೇ ಫ್ರಿಜ್ಜಿನ ಫ್ರೀಜರು ಅಲ್ಯೂಮಿನಿಯಂ ತಗಡು, ಗ್ಯಾಸ್ ಹರಿಯುವ ಕಾಲುವೆ ಆ ತಗಡಿನ ಒಳಗೇ ಇದೆ. ಚಾಕು ನೆಟ್ಟ ಕೂಡಲೇ ‘ಸುಸ್’ ಎಂಬ ಸದ್ದು. ಆ ಮನೆಯ ಮಟ್ಟಿಗೆ ಮೆಕ್ಯಾನಿಕ್‌ನ ತೀರ್ಪು ಸರಿ. ತುಕ್ಕು ಹಿಡಿದ ಕೊಳವೆ, ಬಾಗಿಲ ಚೌಕಟ್ಟಿನಲ್ಲಿ ಬೆವರು ಕೂರದಿರಲೆಂದು ಹಾಯಿಸಿದ ಪೈಪು, ಹಳೇ ಬೆಸುಗೆ ಇವೂ ಸೋರುತ್ತವೆ. ಸೋರಿಕೆ ಎಂಬುದೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಸೋರಿಕೆ ಇದ್ದಾಗಲೂ ನಮ್ಮಲ್ಲಿ ಆಗುವ ಕೆಲಸ ರಿಪೇರಿಯಲ್ಲ ಎನ್ನುತ್ತಿದ್ದೇನೆ.

ಸರಿಯಾದ ಕೆಲಸದ ಕ್ರಮ ಐಟಿಐನಲ್ಲಿ ಎರಡು ವರ್ಷ ಶೀತಲೀಕರಣ ಓದಿದ ಹುಡುಗರಿಗೆ ಗೊತ್ತಿದೆ. ನೈಟ್ರೋಜನ್ ಒತ್ತಡ ಕೊಟ್ಟು, ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುವ ಜಾಗ ಹುಡುಕಿ ಬೆಸೆಯಬೇಕು. ದಾರಿ ತೆರೆದ ಮೇಲೆ ಫಿಲ್ಟರು ಬದಲಿಸಲೇಬೇಕು. ವ್ಯಾಕ್ಯೂಮ್ ಪಂಪು ಹಚ್ಚಿ ಗಾಳಿಯನ್ನೂ ಪಸೆಯನ್ನೂ ಪೂರ್ತಿ ಎಳೆಯಬೇಕು, ಇಲ್ಲದಿದ್ದರೆ ಉಳಿದ ಒಂದು ಹನಿ ನೀರು ಕ್ಯಾಪಿಲರಿಯ ತುದಿಯಲ್ಲಿ ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ. ಕೊನೆಗೆ ಕಂಪನಿ ಚೀಟಿಯಲ್ಲಿ ಬರೆದಷ್ಟು ಗ್ರಾಂ ಗ್ಯಾಸನ್ನು ತೂಕದ ಯಂತ್ರದ ಮೇಲಿಟ್ಟು ಹಾಕಬೇಕು. ಓಣಿಯಲ್ಲಿ ನಡೆಯುವುದು? ನೈಟ್ರೋಜನ್ ಇಲ್ಲ, ಪಂಪು ಇಲ್ಲ, ತಕ್ಕಡಿ ಇಲ್ಲ. ಕೊಳವೆ ಕತ್ತರಿಸಿ, ಸ್ವಲ್ಪ ಗ್ಯಾಸ್ ಬಿಟ್ಟು ‘ಗಾಳಿ ಹೊಡೆಸಿ’, ಕೈಯಲ್ಲಿ ಪೈಪು ಮುಟ್ಟಿ ತಣ್ಣಗಾಯಿತೆಂದರೆ ಮುಗಿಯಿತು.

ಯಾವ ಗ್ಯಾಸ್ ಎಂಬುದಂತೂ ದೇವರಿಗೇ ಬಿಟ್ಟಿದ್ದು. ತೊಂಬತ್ತರ ದಶಕದ ಫ್ರಿಜ್ಜುಗಳಲ್ಲಿ ಇದ್ದದ್ದು ಆರ್-12. ಓಝೋನ್ ಪದರ ಕೆಡಿಸುವ ಗ್ಯಾಸುಗಳ ವಿರುದ್ಧದ 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು, 2010ರ ಹೊತ್ತಿಗೆ ಆರ್-12 ತಯಾರಿಕೆಯೇ ನಿಂತಿತು. ನಂತರದವು ಆರ್-134ಎ, ಈಗಿನವು ಆರ್-600ಎ, ಅಂದರೆ ಐಸೋಬ್ಯುಟೇನ್. ಮೂರಕ್ಕೂ ಒತ್ತಡ ಬೇರೆ, ತೂಕ ಬೇರೆ. ಆರ್-12ರ ಹಳೇ ಕಂಪ್ರೆಸರಿನ ಖನಿಜ ಎಣ್ಣೆಯಲ್ಲಿ ಆರ್-134ಎ ಬೆರೆಯುವುದಿಲ್ಲ. ಎಣ್ಣೆ ಫ್ರೀಜರಿನಲ್ಲಿ ಸಿಕ್ಕಿಕೊಂಡು ಕಂಪ್ರೆಸರು ಒಣಗಿ ಹಿಡಿದುಕೊಳ್ಳುತ್ತದೆ. ಐಸೋಬ್ಯುಟೇನ್ ಬೆಂಕಿ ಹಿಡಿಯುವ ಗ್ಯಾಸು, ಅದಿರುವ ಕೊಳವೆಗೆ ಟಾರ್ಚ್ ಹಿಡಿಯುವುದು ಹುಡುಗಾಟವಲ್ಲ. ಹೊರಗೆ ಬಿಟ್ಟ ಒಂದು ಕಿಲೋ ಆರ್-134ಎ ಭೂಮಿಯನ್ನು ಕಾಯಿಸುವುದರಲ್ಲಿ ಸಾವಿರ ಕಿಲೋಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡಿಗೆ ಸಮ. ಬಿಸಿಲಿಗೆ ಹೆದರಿ ಫ್ರಿಜ್ಜು ಕೊಂಡ ಊರು ಪ್ರತಿ ಬೇಸಿಗೆಯಲ್ಲೂ ಇದನ್ನು ಗಾಳಿಗೆ ಬಿಡುತ್ತಿದೆ.

ನನ್ನ ವಾದಕ್ಕೆ ಎದುರಾಗಿ ಎಲ್ಲರೂ ಎಸೆಯುವ ಒಂದು ಪ್ರಶ್ನೆ ಇದೆ: ‘ಗ್ಯಾಸ್ ತುಂಬಿಸಿದ ಮ್ಯಾಲ ತಂಪಾತಲ್ಲ, ಅದಕ್ಕೇನಂತೀರಿ?’ ಪ್ರಶ್ನೆ ನ್ಯಾಯವಾದದ್ದೇ. ಆದರೆ ಗ್ಯಾಸ್ ತುಂಬಿಸಿದ ದಿನ ಇನ್ನೇನೇನು ನಡೆಯಿತು ನೆನಪಿಸಿಕೊಳ್ಳಿ. ಫ್ರಿಜ್ಜನ್ನು ಖಾಲಿ ಮಾಡಿದಿರಿ. ಗೋಡೆಯಿಂದ ಎಳೆದು ಅಂಗಳಕ್ಕೋ ಹಜಾರಕ್ಕೋ ತಂದಿರಿ. ನಾಲ್ಕಾರು ಗಂಟೆ ಬಂದ್ ಆಗಿತ್ತು, ಕಟ್ಟಿದ್ದ ಹಿಮವೆಲ್ಲ ಕರಗಿತು. ಕೈಗೆ ಅಂಟುತ್ತದೆಂದು ಹುಡುಗ ಹಿಂದಿನ ದೂಳು ಜಾಡಿಸಿದ. ಮರಳಿ ನಿಲ್ಲಿಸುವಾಗ ಗೋಡೆಗೆ ಸ್ವಲ್ಪ ದೂರವೇ ಉಳಿಯಿತು. ಎರಡು ದಿನ ‘ಹೆಚ್ಚು ಸಾಮಾನು ಇಡಬ್ಯಾಡ್ರಿ’ ಎಂದು ಆತ ಹೇಳಿದ ಮಾತನ್ನು ಪಾಲಿಸಿದಿರಿ. ಬೇಕಾದ ಚಿಕಿತ್ಸೆಯೆಲ್ಲ ಪುಕ್ಕಟೆಯಾಗಿ ನಡೆದುಹೋಯಿತು, ದುಡ್ಡು ಮಾತ್ರ ಗ್ಯಾಸಿನ ಹೆಸರಿಗೆ ಬಿತ್ತು. ಮುಂದಿನ ಚೈತ್ರಕ್ಕೆ ದೂಳು ಕೂತು, ಗೋಡೆ ಹತ್ತಿರವಾಗಿ, ‘ಗ್ಯಾಸ್’ ಮತ್ತೆ ಹೋಗುತ್ತದೆ. ಸಂಶಯವಿದ್ದವರು ಮೆಕ್ಯಾನಿಕ್‌ನನ್ನು ಕರೆಯುವ ಮುನ್ನಾದಿನ ಇಷ್ಟನ್ನೂ ತಾವೇ ಮಾಡಿ ನೋಡಲಿ.

ಇನ್ನೊಂದು ಗುಂಪು ಇದೆ, ಈ ಗ್ಯಾಸ್ ಜಗಳವೇ ಬೇಡ, ಹಳೇದನ್ನು ಎಕ್ಸ್‌ಚೇಂಜಿಗೆ ಹಾಕಿ ಕಂತಿನಲ್ಲಿ ಹೊಸದು ತನ್ನಿ ಎನ್ನುವವರದು. ಕಂಪ್ರೆಸರಿನ ವೈಂಡಿಂಗ್ ಸುಟ್ಟಿದ್ದರೆ, ಫೋಮಿನೊಳಗೆ ಹೂತ ಪೈಪು ಸೋರುತ್ತಿದ್ದರೆ, ಕ್ಯಾಬಿನೆಟ್ಟೇ ತುಕ್ಕು ತಿಂದಿದ್ದರೆ ಅವರ ಮಾತು ಸರಿ. ಉಳಿದಂತೆ ಒಂದು ವಿಷಯ ಅವರು ಮುಚ್ಚಿಡುತ್ತಾರೆ. 1958ರಲ್ಲಿ ಗೋದ್ರೆಜ್ ಫ್ರಿಜ್ ತಯಾರಿಕೆ ಶುರುಮಾಡಿದ ಕಾಲದಿಂದ ಕೆಲ್ವಿನೇಟರ್, ಹೈದರಾಬಾದಿನ ಆಲ್ವಿನ್‌ವರೆಗೆ ಆ ತಲೆಮಾರಿನ ಒಂದು ಬಾಗಿಲಿನ ಫ್ರಿಜ್ಜುಗಳಲ್ಲಿ ಜಾಲರಿ ಹಿಂದೆ ಬಯಲಲ್ಲಿ ಕಾಣುತ್ತಿತ್ತು. ದೂಳು ಒರೆಸಬಹುದಿತ್ತು, ಸೋರಿದರೆ ಬೆಸೆಯಬಹುದಿತ್ತು. ಈಗಿನ ಎಷ್ಟೋ ಮಾದರಿಗಳಲ್ಲಿ ಅದು ಪಕ್ಕದ ಗೋಡೆಗಳೊಳಗೆ ಅಡಗಿದೆ. ಪಕ್ಕಗಳು ಬಿಸಿಯಾಗುವುದೇ ಅದರ ಕೆಲಸ, ಅದಕ್ಕೆ ನಾವು ಹೂವಿನ ಚಿತ್ರದ ಪ್ಲಾಸ್ಟಿಕ್ ಕವರು ಹೊದಿಸುತ್ತೇವೆ. ಹೊಸ ಫ್ರಿಜ್ಜನ್ನು ಅದೇ ಗೂಡಿಗೆ, ಅದೇ ವೋಲ್ಟೇಜಿಗೆ, ಅದೇ ಹತ್ತು ಲೀಟರ್ ನೀರಿಗೆ ತಂದು ನಿಲ್ಲಿಸಿದರೆ ಮೂರನೇ ಬೇಸಿಗೆಗೆ ಅದಕ್ಕೂ ಗ್ಯಾಸ್ ಹೋಗುತ್ತದೆ. ಹಳೇದೋ, ಗುಜರಿಯ ಸುತ್ತಿಗೆ ಏಟಿಗೆ ಒಳಗಿನ ಗ್ಯಾಸನ್ನೆಲ್ಲ ಊರಿಗೇ ಬಿಟ್ಟು ಹೋಗಿರುತ್ತದೆ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಏನೇ ಹೇಳಲಿ.

ಮೆಕ್ಯಾನಿಕ್‌ನ ಪರವಾಗಿಯೂ ಒಂದು ಮಾತು. ನೀಲಿ ಕಂಬಳಿ ಕಿತ್ತು, ಫ್ರಿಜ್ಜನ್ನು ಗೂಡಿನಿಂದ ಹೊರಗೆಳೆದು, ‘ಮುನ್ನೂರು ಕೊಡ್ರಿ’ ಎಂದವನ ಜೊತೆ ನಾವು ಬಾಗಿಲಲ್ಲಿ ನಿಂತು ಜಗಳವಾಡುತ್ತೇವೆ: ‘ಏನ್ ಹಾಕಿದೀ ಅಂತ ಮುನ್ನೂರು?’ ಹಾಕಿದ್ದು ಏನೂ ಇಲ್ಲ, ತೆಗೆದದ್ದಕ್ಕೆ ದುಡ್ಡು ಕೊಡುವ ರೂಢಿ ನಮಗಿಲ್ಲ. ಗ್ಯಾಸ್ ಎಂದರೆ ಸಿಲಿಂಡರು ಕಾಣುತ್ತದೆ, ಪೈಪು ಕಾಣುತ್ತದೆ, ಎರಡು ಸಾವಿರ ಮರುಮಾತಿಲ್ಲದೆ ಜೇಬಿನಿಂದ ಬರುತ್ತದೆ. ಆತ ಪೆದ್ದನೇನಲ್ಲ, ನಮ್ಮಿಂದಲೇ ಕಲಿತಿದ್ದಾನೆ. ಪರೀಕ್ಷೆಗೆ ಬೇರೆ ಶುಲ್ಕ ಮೊದಲೇ ಮಾತಾಡಿ, ಗ್ಯಾಸ್ ಹೋಗಿದೆ ಎಂದರೆ ಎಲ್ಲಿ ಸೋರಿದೆ ತೋರಿಸು ಎನ್ನಿ. ತೋರಿಸಿದರೆ ಬೆಸೆಯುವುದಕ್ಕೂ, ಫಿಲ್ಟರಿಗೂ, ಪಂಪಿಗೂ ಪೂರ್ತಿ ದುಡ್ಡು ಕೊಡಿ, ಯಾವ ಗ್ಯಾಸು ಎಷ್ಟು ಗ್ರಾಂ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ತೋರಿಸಲಾಗದಿದ್ದರೆ ಪರೀಕ್ಷೆಯ ದುಡ್ಡು ಕೊಟ್ಟು, ಕಾಫಿ ಕುಡಿಸಿ ಕಳಿಸಿ.